ಸದ್ದು ಕೊಡದ ಸೀಸೆ

ಧನುರ್ಮಾಸದ ಚಳಿಗೆ ಈವತ್ತು ಬೆಳಿಗ್ಗೆ ಕೊಬ್ಬರಿ ಎಣ್ಣೆ ಡಬ್ಬಿಯಲ್ಲೇ ಬೆಣ್ಣೆಯಂತೆ ಗಟ್ಟಿಯಾಗಿ ಕೂತಿತ್ತು. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿಯನ್ನು ಇಟ್ಟೆ. ಅಂಚಿನಿಂದ ಎಣ್ಣೆ ಕರಗುತ್ತಾ ಬಂದು ಘಮ ಎದ್ದಿತು... ಡಬ್ಬಿ ಪ್ಲಾಸ್ಟಿಕ್ಕಿನದು, ಏನೂ ಆಗುವುದಿಲ್ಲ. ಗೊತ್ತಿದ್ದೂ ಅದು ಪೂರ್ತಿ ಕರಗುವ ತನಕ ಬಚ್ಚಲ ಬಾಗಿಲಲ್ಲೇ ಕಾದು ನಿಂತಿದ್ದೆ. ನಲವತ್ತು ವರ್ಷಕ್ಕೂ ಮೇಲಾಯಿತು, ಈ ಭಯ ಬಿಟ್ಟಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುರುವೇಕೆರೆಯ ಹೈಸ್ಕೂಲಿಗೆ ಟೀಚರಾಗಿ ಹೋದೆ. ಬಾಡಿಗೆಗೆ ಸಿಕ್ಕಿದ್ದು ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯ ಹಿಂಭಾಗ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವಲು, ಸಣ್ಣ ದನಿ. ನಾನು ಅವರನ್ನು ಯಜಮಾನರು ಎನ್ನುತ್ತಿದ್ದೆ. ನಮ್ಮ ಕಡೆ ತೆಂಗಿನಕಾಯಿಯನ್ನು ವರ್ಷದ ತನಕ ಅಟ್ಟದ ಮೇಲೆ ಒಣಗಲು ಬಿಡುತ್ತಾರಲ್ಲ, ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತಿಳಿಯಬೇಕು. ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತಿಪಟೂರಿನ ಮಂಡಿಯವರೂ ಅವರ ಕಿವಿಗೆ ಎದುರು ಮಾತಾಡುತ್ತಿರಲಿಲ್ಲ.

ಆ ಕಿವಿಯನ್ನೇ ಅವರು ಗಾಜಿಗೂ ಕೊಟ್ಟಿದ್ದರು. ಬ್ರಿಟಿಷರ ಕಾಲದ ಗಾಜಿನ ಸಾಮಾನು ಕೂಡಿಸುವುದು ಅವರ ಹುಚ್ಚು. ಸಕಲೇಶಪುರದ ಕಡೆ ದೊರೆಗಳು ಬಿಟ್ಟುಹೋದ ಬಂಗಲೆಗಳಿಂದ, ಬೆಂಗಳೂರಿನ ಗುಜರಿ ಸಾಲಿನಿಂದ ಒಂದೊಂದೇ ಲೋಟ, ಬಟ್ಟಲು ತಂದು ಬೀಟೆಮರದ ಬೀರುವಿನಲ್ಲಿ ಜೋಡಿಸಿದ್ದರು. "ಕುಡಿಯೋರ ಲೋಟ ತಂದು ಲಿಂಗ ಕಟ್ಟಿದ ಮನೇಲಿ ಮೆರೆಸ್ತಾವ್ರೆ ಕಣ್ರೀ, ಏನ್ ಹೇಳಾನ ಇವ್ರಿಗೆ" ಎಂದು ಅವರ ಹೆಂಡತಿ ನನ್ನ ಮುಂದೆ ಗೊಣಗುತ್ತಿದ್ದರು. ನೆಂಟರಿಷ್ಟರು ಅವರ ಬೆನ್ನ ಹಿಂದೆ ಬಾಟ್ಲಿ ಸಾಹುಕಾರ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು.

ಭಾನುವಾರ ನನ್ನನ್ನು ಕರೆದು ಲೋಟದ ಅಂಚಿಗೆ ಉಗುರಿನಿಂದ ಮೆಲ್ಲಗೆ ಹೊಡೆಯುತ್ತಿದ್ದರು. "ಕೇಳಿ ಟೀಚರಮ್ಮ, ಸದ್ದು ಹೆಂಗೆ ಎಳೀತದೆ ನೋಡಿ. ಇದು ಇಂಗ್ಲೆಂಡಿಂದೇ." ಆಮೇಲೆ ಮಗುಚಿ ತಳ ತೋರಿಸುವರು. ಊದಿದ ಗಾಜನ್ನು ಕಬ್ಬಿಣದ ಸರಳಿನಿಂದ ಮುರಿದು ಬಿಡಿಸಿದ ಒರಟು ಗಾಯ ಅಲ್ಲಿರುತ್ತಿತ್ತು. ಅದನ್ನು ಅವರು ಹೊಕ್ಕಳು ಎನ್ನುತ್ತಿದ್ದರು. ಸದ್ದು ಇರಬೇಕು, ಹೊಕ್ಕಳು ಇರಬೇಕು. ಅವೆರಡೂ ಇಲ್ಲದ್ದು ಬೀರು ಸೇರುತ್ತಿರಲಿಲ್ಲ.

ಹಾಗೆ ಸೇರದೆ ಉಳಿದದ್ದು ಒಂದು ಸೀಸೆ. ದಪ್ಪ ಹೊಟ್ಟೆ, ಕಿರಿದಾದ ಕತ್ತು, ಗಾಜಿನದೇ ಬಿರಡೆ. ಉಗುರು ತಾಗಿಸಿದರೆ ಟಕ್ ಎನ್ನುತ್ತಿತ್ತು, ಅಷ್ಟೇ. ತಳ ನುಣ್ಣಗಿತ್ತು. "ಇದಕ್ಕೆ ಬಾಯೇ ಇಲ್ಲ ಕಣ್ರೀ, ಎಣ್ಣೆ ಹಾಕ್ಕೊಳಿ" ಎಂದು ನನಗೆ ಕೊಟ್ಟುಬಿಟ್ಟರು. ನಾನು ಎರಡು ವರ್ಷ ಅದರಲ್ಲಿ ತಲೆಗೆಣ್ಣೆ ಇಟ್ಟುಕೊಂಡಿದ್ದೆ.

ಅವರಿಗೆ ಇದ್ದದ್ದು ಒಂದೇ ಆಸೆ. ಗೊತ್ತಿರುವವರು ಯಾರಾದರೂ ಒಬ್ಬರು ಬಂದು ನೋಡಿ, ನಿಮ್ಮ ಕಿವಿ ಸುಳ್ಳಲ್ಲ ಎಂದು ಹೇಳಬೇಕು. ಕಾಗದದ ಮೇಲೆ ಕಾಗದ ಬರೆಸಿ, ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟಿದ್ದ ವಯಸ್ಸಾದವರೊಬ್ಬರನ್ನು ಒಪ್ಪಿಸಿದರು. ಆ ಕಾಗದಗಳನ್ನು ಬರೆದವಳು ನಾನೇ.

ಬೆಂಗಳೂರಿನವರು ಬರುವ ಭಾನುವಾರಕ್ಕೆ ಮೂರು ದಿನ ಮೊದಲು, ಇಂಥದೇ ಚಳಿ. ಸ್ಕೂಲಿಗೆ ಹೊತ್ತಾಗಿತ್ತು. ಎಣ್ಣೆ ಕಲ್ಲಾಗಿತ್ತು. ನಾವೆಲ್ಲ ಮಾಡುವ ಹಾಗೆ ಹಂಡೆಯ ಕುದಿನೀರನ್ನು ಚೊಂಬಿಗೆ ಬಗ್ಗಿಸಿ ಸೀಸೆಯನ್ನು ಅದರೊಳಗೆ ಇಳಿಸಿದೆ. ಚಟ್ ಎಂದು ತಳ ಕಳಚಿಕೊಂಡಿತು... ಹೆದರಿಕೊಂಡು ಹೋಗಿ ಹೇಳಿದರೆ ಯಜಮಾನರು ನಕ್ಕರು. "ಹೋಗ್ಲಿ ಬುಡಮ್ಮ, ಕೈ ಸುಟ್ಕೊಂಡ್ರಾ?" ಚೂರುಗಳನ್ನು ಬಿರಡೆಯ ಸಮೇತ ತಾವೇ ಆಯ್ದು ತಗಡಿನ ಡಬ್ಬಕ್ಕೆ ಹಾಕಿದರು. ಕಾಂಪೌಂಡ್ ಗೋಡೆಯ ನೆತ್ತಿಗೆ ಸಿಮೆಂಟಿನಲ್ಲಿ ನೆಡಲು ಒಡೆದ ಗಾಜನ್ನೆಲ್ಲ ಅದರಲ್ಲಿ ಕೂಡಿಡುತ್ತಿದ್ದರು.

ಭಾನುವಾರ ಬೆಂಗಳೂರಿನವರು ಬಂದರು. ಬೀರುವಿನ ಮುಂದೆ ಕುರ್ಚಿ ಹಾಕಿಸಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದರು. ಅಚ್ಚಿನೊಳಗೆ ಊದಿದಾಗ ಉಳಿದ ಗೆರೆಯನ್ನು ತೋರಿಸಿದರು. "ಸದ್ದು ಕೊಡೋ ಗಾಜನ್ನ ಬೆಲ್ಜಿಯಂನಲ್ಲೂ ಮಾಡ್ತಾರೆ. ಹೊಕ್ಕಳು ನಮ್ಮ ಫಿರೋಜಾಬಾದಿನ ಲೋಟಕ್ಕೂ ಇರುತ್ತೆ. ತಪ್ಪು ತಿಳ್ಕೋಬೇಡಿ, ಇದರಲ್ಲಿ ಇಂಗ್ಲೆಂಡಿಂದು ಒಂದೂ ಇಲ್ಲ" ಎಂದರು. ಯಜಮಾನರು ತಲೆಯಾಡಿಸಿದರು. ಕಾಫಿ ತರಲು ಒಳಗೆ ಕೂಗಿ ಹೇಳಿದರು.

ಕೈ ತೊಳೆಯಲು ಹಿತ್ತಲಿಗೆ ಹೋದ ಆ ಮನುಷ್ಯ ಚೂರುಗಳ ಡಬ್ಬದ ಮುಂದೆ ನಿಂತುಬಿಟ್ಟರು. ಸೀಸೆಯ ಕತ್ತನ್ನೂ ಬಿರಡೆಯನ್ನೂ ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. ಎರಡರ ಮೇಲೂ ಸೂಜಿಯಲ್ಲಿ ಗೀಚಿದಂತೆ ಒಂದೇ ಸಂಖ್ಯೆ ಇತ್ತು. ಆ ಬಿರಡೆ ಆ ಸೀಸೆಗೇ ಅರೆದು ಕೂರಿಸಿದ್ದು, ಅದಲುಬದಲಾಗದಿರಲಿ ಎಂದು ಹಾಕುತ್ತಿದ್ದ ಗುರುತು. ಬೆಲೆಬಾಳುವ ಸೀಸೆಗಳ ತಳದ ಗಾಯವನ್ನು ಆ ಕಾಲದ ಗಾಜಿನ ಕೆಲಸದವರು ಉಜ್ಜಿ ನುಣ್ಣಗೆ ಮಾಡುತ್ತಿದ್ದರಂತೆ. "ಇದು ಇಂಗ್ಲೆಂಡಿಂದು. ನೂರೈವತ್ತು ವರ್ಷಕ್ಕೆ ಕಡಿಮೆಯಿಲ್ಲ. ಯಾರ್ರೀ ಒಡೆದದ್ದು?"

ನಾನು ಬಾಯಿ ತೆಗೆಯುವಷ್ಟರಲ್ಲಿ ಯಜಮಾನರು, "ನಾನೇ ಸ್ವಾಮಿ. ಭಾಳ ವರ್ಷ ಆಯ್ತು" ಎಂದರು. ಆವತ್ತು ಸುಮ್ಮನಿದ್ದದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಬೀರುವಿಗೆ ಬೀಗ ಹಾಕುವುದನ್ನು ಬಿಟ್ಟರು. ಆ ಲೋಟಗಳಲ್ಲಿ ಮಜ್ಜಿಗೆ ಬಂತು, ಔಷಧಿ ಬಂತು, ಒಂದೊಂದಾಗಿ ಒಡೆದು ಡಬ್ಬ ಸೇರಿದವು. ಹೆಂಡತಿಯೂ ಗೊಣಗುವುದನ್ನು ನಿಲ್ಲಿಸಿದರು. ನನಗೆ ನಿಜಕ್ಕೂ ಸಂಕಟವಾದದ್ದು ಬೇರೆ. ಮಾಯಸಂದ್ರದಿಂದ ಬಂದ ರೈತರೊಬ್ಬರು ಕಾಯಿ ಮುಂದೆ ಹಿಡಿದು ಒಂಚೂರು ನೋಡಿ ಎಂದಾಗ, "ನೀವೇ ಅಲ್ಲಾಡ್ಸಿ ನೋಡಪ್ಪ, ನನ್ ಕಿವಿ ಹೋಯ್ತು" ಎಂದರು. ಕಿವಿಗೆ ಏನೂ ಆಗಿರಲಿಲ್ಲ. ಗೇಟಿನ ಚಿಲಕ ತೆಗೆದರೆ ಒಳಮನೆಯಿಂದಲೇ ಯಾರು ಎನ್ನುತ್ತಿದ್ದರು.

ನನಗೆ ವರ್ಗವಾಗಿ ಮನೆ ಬಿಟ್ಟ ದಿನ ಬಿರಡೆಯನ್ನು ತಂದು ಕೈಯಲ್ಲಿಟ್ಟರು. ಸೀಸೆಯ ಮಾತನ್ನು ಅವರಾಗಿ ಎತ್ತಿದ್ದು ಅದೊಂದೇ ಸಲ. "ಅಷ್ಟು ದಿವ್ಸ ಕೈಯಾಗೇ ಇತ್ತಲ್ಲ ಟೀಚರಮ್ಮ, ನಂಗ್ಯಾಕೆ ಸದ್ದು ಕೊಡ್ಲಿಲ್ಲ ಅದು?"

ನನಗೇನು ಗೊತ್ತಿತ್ತು... ಬಿರಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬರುತ್ತೇನೆ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಎಷ್ಟೋ ವರ್ಷದ ಮೇಲೆ ಬೆಂಗಳೂರಿನಲ್ಲಿ ಒಂದು ಹಳೆಯ ಸಾಮಾನಿನ ಅಂಗಡಿ ಕಂಡು ಒಳಗೆ ಹೋದೆ. ಅಂಥದೇ ಸೀಸೆಯಿತ್ತು. ಕೈ ತಾನಾಗಿ ಉಗುರಿನಿಂದ ಹೊಡೆಯಿತು. ಅಂಗಡಿಯವನು ನಕ್ಕ. "ಕಿರಿಬಾಯಿ ಸೀಸೆ ಎಷ್ಟೇ ಒಳ್ಳೆ ಗಾಜಾದ್ರೂ ಸದ್ದು ಕೊಡಲ್ಲ ಮೇಡಂ. ಬಾಯಿ ಅಗಲ ಇದ್ರೇನೇ ಅದು." ಇಷ್ಟೇ ಉತ್ತರ. ಅಂಚೆ ಕಚೇರಿಗೆ ಹೋಗಿ ಕಾರ್ಡು ಕೊಂಡು, ಪೆನ್ನು ತೆಗೆದು, ಯಜಮಾನರಿಗೆ ನಮಸ್ಕಾರಗಳು ಎಂದು ಬರೆದೆ. ಬರೆದ ಮೇಲೆ ನೆನಪಾಯಿತು, ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಈವತ್ತು ತಲೆಗೆ ಎಣ್ಣೆ ಹಚ್ಚಿಕೊಂಡ ಮೇಲೆ ಬಿರಡೆಯನ್ನು ತೆಗೆದು ಒರೆಸಿದೆ. ಸಂಖ್ಯೆ ಇನ್ನೂ ಕಾಣುತ್ತದೆ. ಉಗುರು ತಾಗಿಸಿದರೆ ಟಕ್ ಎನ್ನುತ್ತದೆ, ಅಷ್ಟೇ. ಸೀಸೆಗೆ ಸದ್ದೇ ಇರಲಿಲ್ಲ, ಅವರ ಕಿವಿ ಕೇಳಿದ್ದು ಸರಿಯಾಗಿಯೇ ಇತ್ತು. ಅದನ್ನು ಹೇಳೋಣವೆಂದರೆ ಆ ಮನೆಯಲ್ಲಿ ಈಗ ಯಾರಿದ್ದಾರೋ, ನನಗೆ ಗೊತ್ತಿಲ್ಲ.