ಕಲಾಯಿ ಸಾಬರ ನಿಂತ ಕೋಳಿ

ಮಳವಳ್ಳಿ ಪೇಟೆಬೀದಿಯಲ್ಲಿ ಕಲಾಯಿ ಫಕ್ರುದ್ದೀನ್ ಸಾಬರನ್ನು ಅರಿಯದ ಮನೆ ಇರಲಿಲ್ಲ. ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ ಅರಳೆಯಲ್ಲಿ ಒಂದು ಸುತ್ತು ಒರೆಸಿದರೆ ಪಾತ್ರೆಯೊಳಗೆ ಮುಖ ಕಾಣುತ್ತಿತ್ತು. ಐದು ಹೊತ್ತು ನಮಾಜು ಮಾಡುವವರು, ಯಾರ ತಂಟೆಗೂ ಹೋದವರಲ್ಲ. ಅಂಥವರೂ ಒಂದು ಹಾಳು ಕೆಲಸ ಮಾಡಿದರು. ಯಾಕೆ ಮುಚ್ಚಿಡಲಿ, ಹೇಳಿಯೇ ಬಿಡುತ್ತೇನೆ.

ಯುದ್ಧದಲ್ಲಿ ಜಪಾನಿನವರು ತವರ ಬರುತ್ತಿದ್ದ ಮಲಯ ದೇಶ ಹಿಡಿದ ಮೇಲೆ ತವರ ಅನ್ನೋದು ಕಣ್ಣಿಗೇ ಬೀಳದಾಯಿತು. ಮೈಸೂರಿಗೆ ಹೋದರೂ ಇಲ್ಲ, ಬೆಂಗಳೂರಿಗೆ ಹೋದರೂ ಇಲ್ಲ. ಕೆಲಸ ಬಿಟ್ಟರೆ ಹೊಟ್ಟೆಗೇನು? ಸಾಬರು ಉಳಿದಿದ್ದ ತವರಕ್ಕೆ ಸೀಸ ಬೆರೆಸಿದರು. ಮೊದಲು ಮನೆಯದೇ ಒಂದು ಚೊಂಬಿಗೆ ಹಾಕಿ ನೋಡಿದರು. ಹೊಳಪಿಗೆ ಮೋಸವಿರಲಿಲ್ಲ. ಆ ಚೊಂಬನ್ನು ಅಟ್ಟದ ಮೇಲಿಟ್ಟು, ಅದೇ ಬೆರಕೆಯನ್ನು ಊರವರ ಪಾತ್ರೆಗಳಿಗೆ ಹಾಕತೊಡಗಿದರು. ಸೀಸ ಹೊಟ್ಟೆಗೆ ಹೋದರೆ ಬಸುರಿಗೆ ಗರ್ಭ ನಿಲ್ಲುವುದಿಲ್ಲ ಅಂತ ಕೆಲಸ ಕಲಿಸುವಾಗಲೇ ಅವರಪ್ಪ ಹೇಳಿದ್ದರು. ಆ ಮಾತು ಎದೆಯಲ್ಲಿ ಚುಚ್ಚುತ್ತಿತ್ತು. ಯುದ್ಧ ಮುಗಿದ ಮೇಲೆ ಎಲ್ಲವನ್ನೂ ಕೆರೆದು ಹೊಸದಾಗಿ ಹಾಕಿಕೊಟ್ಟರಾಯಿತು ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಆ ವರ್ಷ ಮಗಳು ನಜ್ಮುನ್ನೀಸಾ ಚೊಚ್ಚಲ ಹೆರಿಗೆಗೆ ಮದ್ದೂರಿಂದ ಬಂದಳು. ಏಳು ತಿಂಗಳು. ಇದಕ್ಕೆ ಮುಂಚೆ ಒಂದು ಬಸಿರು ನಿಂತಿರಲಿಲ್ಲವಾದ್ದರಿಂದ ಮನೆಯವರೆಲ್ಲ ಅವಳು ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದರು. ಅವಳಿಗೆ ಬಯಕೆಯಾದದ್ದು ಅಪ್ಪನ ಪೀಪಾಯಿಯ ನಿಂತ ಕೋಳಿ. ಹಳೇ ಎಣ್ಣೆ ಪೀಪಾಯಿಯ ತಳಕ್ಕೆ ತೂತು ಹೊಡೆದು ಸಾಬರೇ ಮಾಡಿದ್ದ ಒಲೆ ಅದು. ಕೆಳಗೆ ಹುಣಸೆ ಸೌದೆಯ ಕೆಂಡ, ಅದರ ಮೇಲೆ ಹಸಿ ಕಬ್ಬಿನ ಸಿಪ್ಪೆ. ಕತ್ತು ಸಣ್ಣಗಿರುವ ಚೊಂಬಿಗೆ ಹುಣಸೆ ನೀರು, ಲವಂಗ, ಬೆಳ್ಳುಳ್ಳಿ ತುಂಬಿ, ಖಾರ ಸವರಿದ ಇಡೀ ಕೋಳಿಯನ್ನು ಅದರ ಮೇಲೆ ನೆಟ್ಟಗೆ ಕೂರಿಸಬೇಕು. ಮುಚ್ಚಳದ ಸುತ್ತ ಒದ್ದೆ ಗೋಣಿ ಬಿಗಿದರೆ, ಹೊರಗೆ ಹೊಗೆ, ಒಳಗೆ ಹುಣಸೆ ಹಬೆ, ಎರಡರಲ್ಲೂ ಕೋಳಿ ನಿಂತಲ್ಲೇ ಬೇಯುತ್ತದೆ.

ಸಾಬರು ಕೆಲಸದ ಮೇಲೆ ಬೆಳಕವಾಡಿಗೆ ಹೋದವರು ಮಧ್ಯಾಹ್ನ ವಾಪಸು ಬಂದಾಗ ಬೀದಿ ತಿರುವಿನಲ್ಲೇ ಘಮ ಬಂತು. ಖುಷಿಯಾಯಿತು. ಹಿತ್ತಿಲಿಗೆ ಹೋದರೆ ಹೆಂಡತಿ ಅಜೀಜಾ ಪೀಪಾಯಿಯ ಪಕ್ಕ ಕೂತಿದ್ದಳು. ಕೋಳಿ ಕೂರಿಸುವ ಮಾಮೂಲಿ ಚೊಂಬು ಗೋಡೆಗೆ ಒರಗಿಕೊಂಡು ಬಿದ್ದಿತ್ತು.

"ಆ ಚೊಂಬು ಯಾಕೆ ಇಲ್ಲಿ ಬಿದ್ದದೆ? ಒಳಗಿರೋದು ಯಾವ್ದು?"

"ಅದು ಸೋರ್ತಾ ಇತ್ತು ಕಣ್ರಿ. ಅಟ್ಟದ ಮ್ಯಾಲೆ ಒಂದು ಫಳಫಳ ಅಂತ ಇತ್ತಲ್ಲ, ಅದ್ನ ಇಟ್ಟಿವ್ನಿ. ಬೆಳಗ್ಗೆಯಿಂದ ಬೇಯ್ತಾ ಅದೆ, ಇನ್ನೇನು ಆಯ್ತು."

ಸೀಸದ ಚೊಂಬಿನಲ್ಲಿ ಸೀಸವನ್ನೇ ಕರಗಿಸುವ ಹುಳಿ, ಅದೂ ಬೆಳಗ್ಗೆಯಿಂದ ಕುದಿಯುತ್ತಿದೆ. ತಿನ್ನುವವಳು ಬಸುರಿ. ಸಾಬರು ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದರು. ಅಜೀಜಾಳ ಕಿವಿಗೆ ಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುವುದು? ಸುಮ್ಮನಿದ್ದರೆ ಮಗಳು. ಕೊನೆಗೆ ಒಂದು ಕಳ್ಳ ಉಪಾಯ ಹೊಳೆಯಿತು. ಮುಚ್ಚಳ ತೆಗೆಯುವವರ ಹಾಗೆ ಹೋಗಿ, ಮೊಣಕಾಲಲ್ಲಿ ಪೀಪಾಯಿಯನ್ನು ನೂಕಿಬಿಟ್ಟರು.

ಪೀಪಾಯಿ ಉರುಳಿತು. ಕೋಳಿ ಬೂದಿಯಲ್ಲಿ ಹೊರಳಿತು. ಸಾಬರಿಗೆ ಜೀವ ಬಂದಂತಾಯಿತು.

"ಕಣ್ ಕಾಣಲ್ವಾ ನಿಮ್ಗೆ? ಮಗಳು ಬೆಳಗ್ಗೆಯಿಂದ ಕಾಯ್ತಾ ಕೂತವ್ಳೆ," ಅಂತ ಅಜೀಜಾ ಬೈದಳು. ಬೈದವಳು ಅಳುತ್ತಾ ಕೂತಳೇ? ಎಲ್ಲಿ ಬಂತು. ಈ ದುಬಾರಿ ಕಾಲದಲ್ಲಿ ಸಿಕ್ಕ ಒಂದು ಕೋಳಿ. ಬಾವಿಕಟ್ಟೆಗೆ ಒಯ್ದು ಬೂದಿಯನ್ನೆಲ್ಲ ತೊಳೆದು, ಕಾಲು ಮುರಿದು, ತಟ್ಟೆಗಿಟ್ಟು ಮಗಳ ಮುಂದೆ ತಂದಿಟ್ಟಳು. ಸಾಬರು ಕಂಬ ಹಿಡಿದುಕೊಂಡು ನಿಂತೇ ಇದ್ದರು. ಬಿಸಿ ಅದೆ, ಆರಲಿ ಅಂದರು. ಉಪ್ಪು ಜಾಸ್ತಿ ಇರಬಹುದು ಅಂದರು. ಮಗಳು ನಗುತ್ತಾ ಒಂದು ಚೂರು ಕಿತ್ತು ಬಾಯಿಗೆ ಒಯ್ದಳು.

ಸಾಬರು ಹಾರಿ ಅವಳ ಕೈ ಹಿಡಿದರು. "ಬ್ಯಾಡ ಮಗಾ. ಅದ್ರಲ್ಲಿ ಸೀಸ ಅದೆ. ನಾನೇ ಹಾಕಿದ್ದು."

ಎಲ್ಲವನ್ನೂ ಹೇಳಿದರು. ಅಜೀಜಾ ತಟ್ಟೆ ಎತ್ತಿಕೊಂಡು ಹೋಗಿ ಗುಂಡಿಗೆ ಸುರಿದು ಮಣ್ಣು ಮುಚ್ಚಿ ಬಂದಳು. ನಜ್ಮುನ್ನೀಸಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಅವಳ ಮುಖ ನೋಡಲು ಸಾಬರಿಗೆ ಭಯವಾಯಿತು.

"ಮದ್ದೂರಲ್ಲಿ ನಮ್ಮತ್ತೆ ಮನೆ ಪಾತ್ರೆಗೂ ಇದೇನಾ ಅಬ್ಬಾ?"

"ಇಲ್ಲ. ಅಲ್ಲಾನಾಣೆ ಇಲ್ಲ. ನಿಂಗೇ ಅಂತ ಶುದ್ಧ ತವರ ಎತ್ತಿಟ್ಟಿದ್ದೆ ಮಗಾ."

ಅವಳ ಉಸಿರು ಸ್ವಲ್ಪ ನಿಧಾನವಾಯಿತು. ಆಮೇಲೆ ತಲೆ ಎತ್ತಿ ಅಪ್ಪನನ್ನು ನೋಡಿದಳು.

"ಅಂಗಾದ್ರೆ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಬ್ಯಾರೆಯೋರ ಮಕ್ಕಳಿಗೆ ಹಾಕ್ದೆ."

ಸಾಬರು ಅವಳ ಕೈಯಿಂದ ಬಿದ್ದಿದ್ದ ಕೋಳಿಯ ಚೂರನ್ನು ಹೆಕ್ಕಿ ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಗೋದಾ ಮನೆ ಪಾತ್ರೆಗೂ ಹಾಕಿದ್ಯಾ?"

ಗೋದಾ ಅಂದರೆ ಮೇಲಿನ ಬೀದಿಯ ವೆಂಕಟೇಶಮೂರ್ತಿ ಮೇಷ್ಟರ ಮಗಳು, ನಜ್ಮುನ್ನೀಸಾಳ ಜೊತೆ ಸ್ಲೇಟು ಹಿಡಿದು ಸ್ಕೂಲಿಗೆ ಹೋದವಳು. ಅವಳೂ ಬಸುರಿ, ಅವಳೂ ತವರಿಗೆ ಬಂದಿದ್ದಾಳೆ. ಸಾಬರು ತಲೆ ತಗ್ಗಿಸಿದರು. ಮಗಳು ಬಾಗಿಲ ಕಡೆ ನೋಡಿದಳು, ಅಷ್ಟೆ.

ಚಪ್ಪಲಿಯನ್ನೂ ಮೆಟ್ಟದೆ ಸಾಬರು ಬೀದಿಗೆ ಇಳಿದರು. ಒಂದೊಂದು ಮನೆ ದಾಟುವಾಗಲೂ ಇದಕ್ಕೂ ಹಾಕಿದ್ದೇನೆ, ಇದಕ್ಕೂ ಹಾಕಿದ್ದೇನೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಮೇಷ್ಟರ ಮನೆ ಮುಂದೆ ಕಾಲು ನಿಂತೇಬಿಟ್ಟವು. ಏನಂತ ಕರೆಯುವುದು, ಹೇಗೆ ಶುರು ಮಾಡುವುದು? ಅಷ್ಟರಲ್ಲಿ ಮೇಷ್ಟರ ಹೆಂಡತಿ ಶ್ರೀಮತಮ್ಮನೇ ಸಾರಿನ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದರು. ಅವರ ಹಿಂದೆ ನಡುಮನೆಯಲ್ಲಿ ಗೋದಾ ಎಲೆ ಮುಂದೆ ಕೂತಿದ್ದಳು.

"ಏನ್ ಸಾಬ್ರೆ, ಈ ಬಿಸಿಲಲ್ಲಿ? ನಜ್ಮು ಹುಷಾರಾಗಿದಾಳೆ ತಾನೆ?"

"ಅವ್ಳು ಹುಷಾರಾಗವ್ಳೆ ಅವ್ವಾ." ಸಾಬರ ಕಣ್ಣು ಸೌಟಿನ ಮೇಲೆ ಬಿತ್ತು. "ಗೋದವ್ವನಿಗೆ ಆ ಸಾರು ಬಡಿಸಬ್ಯಾಡಿ. ನಾನು ಆ ಪಾತ್ರೆಗೆ ಸೀಸ ಹಾಕಿವ್ನಿ. ಬಸುರಿ ಹೊಟ್ಟೆಗೆ ಅದು ವಿಷ."

ಶ್ರೀಮತಮ್ಮ ಒಂದು ಸಲ ಹಿಂದೆ ತಿರುಗಿ ಮಗಳನ್ನು ನೋಡಿದರು, ಒಂದು ಸಲ ಸಾಬರನ್ನು ನೋಡಿದರು. ಬೈಯಲಿಲ್ಲ, ಕೂಗಲಿಲ್ಲ.

"ಯುಗಾದಿಯಿಂದ ದಿನಾ ಅದರಲ್ಲೇ ಮಾಡ್ತಿದೀನಲ್ಲ ಸಾಬ್ರೆ," ಅಂದರು.