ಓಡೆಟ್ ಕೂತ ಕಡೆ

ಕ್ಲೋವಿಸ್ ಜೈಲಿನಿಂದ ಹೊರಗೆ ಬರುವುದಕ್ಕೆ ಕೆಲವು ದಿನ ಮುಂಚೆ ಶೆರಿಫ್ ಕಚೇರಿಯ ಪೊಲೀಸಿನವ ಅರ್ಸೆನೋ, ಓಡೆಟ್ ಗಿಡ್ರಿಯ ಮನೆಗೆ ಬಂದ. ಅವಳ ಕೈಯಡುಗೆ ತಿಂದು ಬೆಳೆದವನು. ಬಂದರೆ ಸೀದಾ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವಷ್ಟು ಸಲಿಗೆ. ಅವತ್ತು ಮಾತ್ರ ಜಗಲಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತ.

"ಮಿಸ್ ಓಡೆಟ್, ನಿಮ್ಮ ತಮ್ಮ ಈ ಮನೆ ವಿಳಾಸ ಕೊಟ್ಟಿದಾನೆ. ಆದ್ರೆ ಆಗಲ್ಲ. ಮೂಲೇಲಿ ಮಕ್ಕಳ ಪಾರ್ಕ್ ಮಾಡಿದಾರಲ್ಲ, ಅಂಥ ಕೇಸಿನೋರು ಅಲ್ಲಿಂದ ಸಾವಿರ ಅಡಿ ದೂರ ಇರಬೇಕು. ನಿಮ್ಮ ಗೇಟಿಗೆ ಅಷ್ಟು ದೂರ ಇಲ್ಲ. ಅಳೆದು ನೋಡಿದೀವಿ."

"ಅವನು ಹುಟ್ಟಿದ ಮನೆ ಕಣೋ ಇದು."

"ನಂಗೆ ಗೊತ್ತು. ಕಾನೂನಿಗೆ ಅದೆಲ್ಲ ಗೊತ್ತಾಗಲ್ಲ."

ಓಡೆಟ್ ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸಿದಳು. ಬಾಗಿಲು ಹಾಕಿ ಒಳಗೆ ಬಂದ ಮೇಲೆ ಅವಳ ಎದೆಯಿಂದ ಒಂದು ನಿಟ್ಟುಸಿರು ಹೊರಟಿತು. ಅದು ದುಃಖದ್ದಲ್ಲ, ಬಿಡುಗಡೆಯದು. ಒಡಹುಟ್ಟಿದವನಿಗೆ 'ಬರಬೇಡ' ಎನ್ನುವ ಮಾತು ಹನ್ನೊಂದು ವರ್ಷದಿಂದ ಅವಳ ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಈಗ ಅದನ್ನು ಸರ್ಕಾರವೇ ಆಡಿತ್ತು. ಹಾಗೆ ಹಗುರಾದುದಕ್ಕೇ ನಾಚಿಕೆಯಾಗಿ, ಸಿಂಕಿನ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ ಅತ್ತಳು.

ಪಕ್ಕದ ಮನೆ ವರ್ಡಿಯದು. ಓಡೆಟ್ ಮತ್ತು ವರ್ಡಿ ಎಂದರೆ ಗ್ರೋಶೇನ್ ಊರಿನಲ್ಲಿ ಎರಡು ಹೆಸರಲ್ಲ, ಒಂದೇ ಹೆಸರು. ಇಬ್ಬರೂ ಒಟ್ಟಿಗೆ ಸೀಗಡಿ ಸುಲಿದವರು, ಒಂದೇ ವರ್ಷ ಮದುವೆಯಾದವರು. ಓಡೆಟ್ ಮಾತ್ರ ಬೇಗ ವಿಧವೆಯಾಗಿ ತವರು ಮನೆಗೂ ತವರಿನ ಹೆಸರಿಗೂ ಮರಳಿದಳು, ಮಕ್ಕಳೂ ಆಗಲಿಲ್ಲ. ವರ್ಡಿಗೆ ಡೆಲ್ಫಿನ್ ಹುಟ್ಟಿದಾಗ ಇಗರ್ಜಿಯಲ್ಲಿ ದೀಕ್ಷಾಸ್ನಾನಕ್ಕೆ ಮಗುವನ್ನು ಎತ್ತಿಕೊಂಡು ಜ್ಞಾನತಾಯಿಯಾಗಿ ನಿಂತವಳು ಓಡೆಟ್. ಆ ಸೀಮೆಯಲ್ಲಿ ಜ್ಞಾನತಾಯಿಯನ್ನು 'ನ್ಯಾನಿ' ಎನ್ನುತ್ತಾರೆ, ಹೆತ್ತವಳಿಗಿಂತ ಒಂದು ಕೂದಲೆಳೆಯಷ್ಟೇ ಕಡಿಮೆ. ಡೆಲ್ಫಿನ್ ಮಾತು ಕಲಿತಾಗ 'ಅಮ್ಮ'ನಿಗಿಂತ ಮೊದಲು ಅಂದದ್ದು 'ನ್ಯಾನಿ'. ವರ್ಡಿ ಅದನ್ನು ಊರಿಗೆಲ್ಲ ಹೇಳಿ, "ಹೆತ್ತವಳು ನಾನು, ಹೆಸರು ಅವಳದು" ಎಂದು ಹುಸಿಮುನಿಸು ತೋರಿಸುತ್ತಿದ್ದಳು.

ಡೆಲ್ಫಿನ್‌ಗೆ ಹನ್ನೆರಡು ತುಂಬಿದ ವರ್ಷ ಕ್ಲೋವಿಸ್ ಎಣ್ಣೆಬಾವಿಯ ಕೆಲಸ ಬಿಟ್ಟು ಬಂದು ಅಕ್ಕನ ಮನೆಯಲ್ಲಿದ್ದ. ಆ ಬೇಸಿಗೆಯಲ್ಲಿ, ಓಡೆಟ್ ಅಡುಗೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ನ್ಯಾನಿಯ ಮನೆಯೆಂದು ನಂಬಿ ಬರುತ್ತಿದ್ದ ಹುಡುಗಿಗೆ ಅವನು ಮಾಡಬಾರದ್ದನ್ನು ಮಾಡಿದ. ಶಾಲೆ ಶುರುವಾದ ಮೇಲೆ ಹುಡುಗಿ ಟೀಚರ ಹತ್ತಿರ ಬಾಯಿಬಿಟ್ಟಳು. ಕೋರ್ಟಿನಲ್ಲಿ ಕ್ಲೋವಿಸ್ ಇಲ್ಲವೆನ್ನಲಿಲ್ಲ. ಶಿಕ್ಷೆ ಓದಿದ ದಿನ ಅವನ ಕಡೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು ಓಡೆಟ್. ಆಚೆ ಕಡೆಯ ಬೆಂಚುಗಳಲ್ಲಿ ಇಡೀ ಊರು ಕೂತಿತ್ತು.

ಮರುವಾರವೇ ವರ್ಡಿ ಎರಡು ಮನೆಗಳ ನಡುವೆ ಆಳೆತ್ತರದ ಹಲಗೆಯ ಬೇಲಿ ಹಾಕಿಸಿದಳು. ಅಲ್ಲಿಂದಾಚೆ ಅವಳ ಬಾಯಿಂದ ಓಡೆಟ್‌ಗೆ ಒಂದು ಮಾತಿಲ್ಲ.

ಹೊರಬಂದ ಕ್ಲೋವಿಸ್‌ಗೆ ಕೊನೆಗೆ ಸಿಕ್ಕಿದ ಜಾಗ ಕಬ್ಬಿನ ಗದ್ದೆಗಳನ್ನೆಲ್ಲ ದಾಟಿ, ಜೌಗು ನೀರಿನ ಅಂಚಿನಲ್ಲಿ ಮೀನು ಹಿಡಿಯುವವರು ಕಟ್ಟಿ ಬಿಟ್ಟಿದ್ದ ಮರದ ಗುಡಿಸಲು. ಸುತ್ತ ಇದ್ದ ನಾಲ್ಕಾರು ಮನೆಗಳಿಗೂ ಅವನ ಫೋಟೋ, ಹೆಸರು, ಮಾಡಿದ ಅಪರಾಧ ಅಚ್ಚಾದ ಕಾರ್ಡು ಕಾನೂನಿನ ಪ್ರಕಾರ ಅಂಚೆಯಲ್ಲಿ ಹೋಯಿತು. ಪೇಪರಿನಲ್ಲೂ ಬಂತು. ಅವನ ಡ್ರೈವಿಂಗ್ ಲೈಸೆನ್ಸಿನ ಮೇಲೆ ಕಿತ್ತಳೆ ಬಣ್ಣದಲ್ಲಿ 'ಲೈಂಗಿಕ ಅಪರಾಧಿ' ಎಂಬ ಎರಡು ಪದ. ಪೆಟ್ರೋಲು ಬಂಕಿನಲ್ಲಿ ಬೀರು ಕೇಳಿದರೂ ಅದನ್ನೇ ತೋರಿಸಬೇಕು.

ಓಡೆಟ್ ಕೆಲಸ ಮಾಡುತ್ತಿದ್ದ ಊಟದ ಅಂಗಡಿಯಲ್ಲಿ ಪೇಪರು ಕೌಂಟರಿನ ಮೇಲೇ ಬಿದ್ದಿತ್ತು. ಕಬ್ಬಿನ ಲಾರಿಯವನೊಬ್ಬ ಅನ್ನ-ಸಾರಿನ ತಟ್ಟೆ ತಗೊಳ್ಳುತ್ತಾ, "ಗಿಡ್ರಿ ಅಂತೆ. ನಿಮ್ಮೋನೇನಾ?" ಎಂದ.

"ನಮ್ಮೋನೇ," ಎಂದಳು ಓಡೆಟ್.

"ಈ ಕೈಲಿ ಬಡಿಸಿದ್ದು ತಿನ್ನಬೇಕಲ್ಲಪ್ಪಾ."

ಅಂಗಡಿಯ ಯಜಮಾನಿ ಮಿಸ್ ಯೂಲಾ ಹಿಂದಿನಿಂದ ಗದರಿದಳು: "ಬೇಡವಾದ್ರೆ ತಟ್ಟೆ ಇಟ್ಟು ಹೋಗು. ಹಸಿದೋರು ಹಿಂದೆ ನಿಂತಿದಾರೆ." ಅವನು ತಟ್ಟೆ ಇಡಲಿಲ್ಲ. ಇನ್ನೊಂದು ಸೌಟು ಸಾರನ್ನೂ ಹಾಕಿಸಿಕೊಂಡ.

ಭಾನುವಾರ ಪೂಜೆ ಮುಗಿದ ಮೇಲೆ ಓಡೆಟ್ ಬುತ್ತಿ ಕಟ್ಟಿಕೊಂಡು ತಮ್ಮನ ಹತ್ತಿರ ಹೋಗುತ್ತಿದ್ದಳು. ಅವನು ಹಸಿದ ನಾಯಿಯಂತೆ ಉಣ್ಣುತ್ತಿದ್ದ. ಉಂಡಾದ ಮೇಲೆ ಅದೇ ಮಾತು.

"ಅಕ್ಕಾ, ಒಂದೇ ಒಂದು ಸಲ ನಮ್ಮ ಜಗಲೀಲಿ ಕೂತ್ಕೋಬೇಕು ಅನ್ಸುತ್ತೆ. ಅಮ್ಮನ ಮಲ್ಲಿಗೆ ಬಳ್ಳಿ ಇದೆಯಾ ಇನ್ನೂ?"

"ಇದೆ."

"ಎಲ್ಲ ಆ ವಿಷಯದಿಂದ ಹಾಳಾಯ್ತು."

'ಆ ವಿಷಯ.' ಅವನು ಅದನ್ನು ಹಾಗೇ ಕರೆಯುತ್ತಿದ್ದ, ಎಲ್ಲಿಂದಲೋ ಬಂದ ಪ್ರವಾಹವೋ ಬಿರುಗಾಳಿಯೋ ಎನ್ನುವಂತೆ. ಹುಡುಗಿಯ ಹೆಸರು ಒಂದು ದಿನವೂ ಅವನ ಬಾಯಲ್ಲಿ ಬರಲಿಲ್ಲ. ಓಡೆಟ್ ಕಾಯುತ್ತಿದ್ದಳು. ಹೆಸರು ಹಿಡಿದು ಒಂದು ಸಲ ಹೇಳಲಿ, ನಾನು ಇವಳಿಗೆ ಹೀಗೆ ಮಾಡಿದೆ ಎನ್ನಲಿ. ಆಮೇಲೆ ಜಗಲಿಯಿಲ್ಲದಿದ್ದರೂ ತನ್ನ ಎದೆಯಲ್ಲಾದರೂ ಅವನಿಗೆ ಜಾಗ ಸಿಕ್ಕೀತು ಎಂದುಕೊಳ್ಳುತ್ತಿದ್ದಳು. ವಾಪಸು ಬರುವ ದಾರಿಯಲ್ಲಿ ಕಣ್ಣು ತಾನಾಗಿಯೇ ವರ್ಡಿಯ ಬೇಲಿಯ ಕಡೆ ಹೋಗುತ್ತಿತ್ತು. ಡೆಲ್ಫಿನ್ ಮದುವೆಯಾಗಿ ಪಕ್ಕದ ಬೀದಿಯಲ್ಲಿದ್ದಳು, ಅವಳಿಗೂ ಒಂದು ಹೆಣ್ಣುಮಗು ಎಂದು ಅವರಿವರ ಬಾಯಿಂದ ಗೊತ್ತಿತ್ತು. ಕೆಲವು ದಿನ ಬೇಲಿಯಾಚೆ ಆ ಮಗು ನಗುವುದು ಕೇಳಿಸುತ್ತಿತ್ತು. ಅಷ್ಟು ಹೊತ್ತು ಓಡೆಟ್ ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಲ್ಲೇ ನಿಂತಿರುತ್ತಿದ್ದಳು. ಒಣಗಿದ ಬಟ್ಟೆಯನ್ನೇ ತೆಗೆದು ಮತ್ತೆ ಹರಡಿದ್ದೂ ಉಂಟು.

ಅವನು ಹೊರಬಂದ ಮೂರನೆಯ ವರ್ಷ, ಸೆಪ್ಟೆಂಬರಿನಲ್ಲಿ ಚಂಡಮಾರುತ ನೇರ ಗ್ರೋಶೇನ್ ಕಡೆಗೇ ತಿರುಗಿತು. ಊರವರೆಲ್ಲ ಶಾಲೆಯ ಆಟದ ಹಾಲಿಗೆ ಬರಬೇಕೆಂದು ಸಾರಿದರು. ಓಡೆಟ್ ಹಾಸಿಗೆ ಸುತ್ತಿಡುವಾಗ ಕ್ಲೋವಿಸ್‌ನ ಫೋನು ಬಂತು. "ಅಕ್ಕಾ, ನೀರು ಮೆಟ್ಟಿಲಿಗೆ ಬಂದಿದೆ. ನನ್ನ ಗಾಡಿ ಸ್ಟಾರ್ಟ್ ಆಗ್ತಿಲ್ಲ."

ಶಾಲೆಯೊಳಕ್ಕೆ ಅವನು ಕಾಲಿಡುವ ಹಾಗಿರಲಿಲ್ಲ. ಇಂಥ ಅಪರಾಧಿಗಳ ಸರ್ಕಾರಿ ಪಟ್ಟಿಯಲ್ಲಿ ಹೆಸರಿದ್ದವರಿಗೆಂದು ಉತ್ತರದ ಊರಿನ ಜೈಲಿನ ಪಕ್ಕದ ಕಟ್ಟಡ ತೆರೆದಿದ್ದರು. ಓಡೆಟ್ ಗಾಳಿಗೆ ಎದುರಾಗಿ ಕಾರು ಓಡಿಸಿ ಅವನನ್ನು ಹತ್ತಿಸಿಕೊಂಡಳು. ಕಬ್ಬು ಎರಡೂ ಕಡೆ ನೆಲಕ್ಕೆ ಮಲಗಿತ್ತು. ಕ್ಲೋವಿಸ್ ಒದ್ದೆ ಚೀಲ ತಬ್ಬಿಕೊಂಡು ಕೂತಿದ್ದ.

"ಜನ ನಮ್ಮನ್ನ ದನ ನೋಡಿದಂಗೆ ನೋಡ್ತಾರೆ ಅಕ್ಕಾ. ದನಕ್ಕಾದ್ರೂ ಕೊಟ್ಟಿಗೆ ಇರತ್ತೆ."

"ಕ್ಲೋವಿಸ್, ಅವಳ ಹೆಸರು ಹೇಳು."

"ಯಾರ ಹೆಸರು?"

"ನಿಂಗೆ ಗೊತ್ತು."

ಅವನು ಕಿಟಕಿಯಾಚೆ ನೋಡಿದ. ವೈಪರು ಅತ್ತಿತ್ತ ಬಡಿದುಕೊಳ್ಳುತ್ತಿತ್ತು. "ಹೇಳಿದ್ರೆ ಏನಾಗುತ್ತೆ ಈಗ? ಶಿಕ್ಷೆ ಆಯ್ತಲ್ಲ," ಎಂದ.

ಜೈಲಿನ ಕಟ್ಟಡದ ಮುಂದೆ ಇಳಿದವನು ಬಾಗಿಲು ಹಿಡಿದುಕೊಂಡೇ ನಿಂತ. ಮಳೆ ಅವನ ಬೋಳುತಲೆಯ ಮೇಲೆ ಸುರಿಯುತ್ತಿತ್ತು. "ನೀನೂ ಇಲ್ಲೇ ಇರ್ತೀಯಲ್ಲ? ಮನೆಯೋರು ಇರಬಹುದಂತೆ."

ಅವಳಿಗೆ ಅವನು ಆರು ವರ್ಷದವನಾಗಿದ್ದಾಗ ಗುಡುಗಿಗೆ ಹೆದರಿ ತನ್ನ ಹಾಸಿಗೆಗೆ ಓಡಿಬರುತ್ತಿದ್ದದ್ದು ನೆನಪಾಯಿತು. ಆದರೂ ಈ ಸಲ ಬೇಡವೆನ್ನುವ ಮಾತನ್ನು ಅವಳೇ ಆಡಿದಳು, ಯಾವ ಕಾನೂನನ್ನೂ ಮುಂದೆ ಬಿಟ್ಟುಕೊಳ್ಳಲಿಲ್ಲ.

"ಇಲ್ಲ ಕಣೋ. ನಾನು ಊರಿಗೆ ಹೋಗ್ತೀನಿ. ಒಳಗೆ ಹೋಗು, ತಲೆ ಒರೆಸ್ಕೋ."

ಅವಳು ಶಾಲೆ ತಲುಪುವ ಹೊತ್ತಿಗೆ ಹಾಲು ತುಂಬಿತ್ತು. ಬಾಗಿಲಲ್ಲಿ ಅರ್ಸೆನೋ ಹೆಸರು ಬರೆದುಕೊಳ್ಳುತ್ತಿದ್ದ. "ಒಬ್ಬರೇನಾ?" ಎಂದು ಮೆಲ್ಲಗೆ ಕೇಳಿದ. "ಒಬ್ಬಳೇ," ಎಂದಳು. ಒಳಗೆ ಅವಳು ಹೋದ ಕಡೆಯೆಲ್ಲ ಚಾಪೆಗಳು ಕೊಂಚ ಆಚೆ ಸರಿದವು. ಕೊನೆಗೆ ಗೋಡೆಗೆ ಒರಗಿ ಕೂತಳು. ಎದುರಿನ ಸಾಲಿನಲ್ಲೇ ವರ್ಡಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹದಿನಾಲ್ಕು ವರ್ಷದಲ್ಲಿ ಅವಳನ್ನು ಅಷ್ಟು ಹತ್ತಿರದಿಂದ ಓಡೆಟ್ ನೋಡಿರಲಿಲ್ಲ. ವರ್ಡಿ ಒಮ್ಮೆ ನೋಡಿ, ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು, ಬೆನ್ನು ತಿರುಗಿಸಿ ಕೂತಳು.

ಎದ್ದು ಬಂದವಳು ಡೆಲ್ಫಿನ್.

"ಅವನು ಇಲ್ಲಿದಾನಾ?"

"ಇಲ್ಲಮ್ಮ. ಉತ್ತರಕ್ಕೆ ಬಿಟ್ಟು ಬಂದೆ."

"ನಂಗೆ ಗೊತ್ತು. ಅವನು ಜಾಗ ಬದಲಾಯಿಸಿದ್ರೆ ಸರ್ಕಾರದಿಂದ ನನ್ನ ಫೋನಿಗೆ ಮೆಸೇಜ್ ಬರುತ್ತೆ. ಆದ್ರೂ ಬೆಳಗಿಂದ ಬಾಗಿಲನ್ನೇ ನೋಡ್ತಿದೀನಿ." ಅವಳು ಕೂರಲಿಲ್ಲ, ಎದುರಿಗೆ ಕುಕ್ಕರಗಾಲಲ್ಲಿದ್ದಳು. "ಜನ ಕೇಳ್ತಾರೆ, ಎಲ್ಲಿದಾನೆ ಅಂತ ಗೊತ್ತಲ್ಲ, ಇನ್ನೇನು ಅಂತ. ಅವನು ಎಲ್ಲಿದಾನೆ ಅಂತ ಎಲ್ಲರೂ ಹೇಳ್ತಾರೆ. ನೀವೆಲ್ಲಿದ್ರಿ ಅಂತ ಯಾರೂ ಹೇಳ್ಲಿಲ್ಲ, ನ್ಯಾನಿ."

ಆ ಹೆಸರು ಕಿವಿಗೆ ಬಿದ್ದು ಓಡೆಟ್ ನೆಟ್ಟಗೆ ಕೂತಳು. "ನಿಮ್ಮಮ್ಮ ಬೇಲಿ ಹಾಕಿಸಿದ್ಲು..."

"ಬೇಲಿ ಆಮೇಲೆ ಬಂತು. ಅದಕ್ಕೆ ಮುಂಚೆ ಕೋರ್ಟಲ್ಲಿ ನೀವು ಅವನ ಹಿಂದೆ ಕೂತಿದ್ರಿ."

"ಅವನ ಕಡೆ ಯಾರೂ ಇರ್ಲಿಲ್ಲ ಮಗಳೇ. ನಿನ್ನ ಕಡೆ ಇಡೀ ಊರಿತ್ತು."

"ಊರು ನಂಗೆ ಬೇಕಿರ್ಲಿಲ್ಲ. ನಾನು ತಿರುಗಿ ತಿರುಗಿ ನಿಮ್ಮನ್ನೇ ನೋಡ್ತಿದ್ದೆ. ಎದ್ದು ಈ ಕಡೆ ಬರ್ತೀರೇನೋ ಅಂತ."

ಹೊರಗೆ ತಗಡೊಂದು ಕಿತ್ತು ಹಾರಿ ಎಲ್ಲಿಗೋ ಬಡಿಯಿತು. ಮಕ್ಕಳು ಕಿರುಚಿದರು. ಓಡೆಟ್ ಹೇಳಿದಳು: "ಬರಬೇಕಿತ್ತು. ನಾನು ಕೂತಿದ್ದು ತಪ್ಪು ಕಡೆ, ಡೆಲ್ಫಿನ್. ನಾನು ಕೆಲಸಕ್ಕೆ ಹೋದಾಗೆಲ್ಲ ನಿನ್ನನ್ನ ಅವನ ಕೈಗೆ ಬಿಟ್ಟು ಹೋಗ್ತಿದ್ದೆ. ನಿನ್ನ ಮುಖ ನೋಡೋಕೆ ಧೈರ್ಯ ಸಾಲಲಿಲ್ಲ."

ಡೆಲ್ಫಿನ್ ಅತ್ತಳು, ಆದರೆ ಕೈ ಚಾಚಲಿಲ್ಲ. ಒರೆಸಿಕೊಂಡು ಎದ್ದು ತಾಯಿಯ ಹತ್ತಿರ ಹೋದಳು. ವರ್ಡಿಯ ಬೆನ್ನು ತಿರುಗಿದ ಹಾಗೇ ಇತ್ತು.

ಗಾಳಿ ಇಳಿದ ಮೇಲೆ ನೋಡಿದರೆ ಗುಡಿಸಲಿದ್ದಲ್ಲಿ ನಾಲ್ಕು ಕಂಬ ಉಳಿದಿದ್ದವು. ಹೊಸ ವಿಳಾಸವನ್ನು ಆ ಪಟ್ಟಿಗೆ ಬೇಗ ಬರೆಸದಿದ್ದರೆ ಮತ್ತೆ ಜೈಲು. ಕ್ಲೋವಿಸ್ ಉತ್ತರದ ಊರಿನಲ್ಲೇ ಮರದ ಕಾರ್ಖಾನೆಯ ಹಿಂದೆ ಒಂದು ಕೋಣೆ ಹಿಡಿದ. "ಅಕ್ಕಾ, ಮನೆ ಮಾರಿ ಬಂದ್ಬಿಡು. ಇಲ್ಲಿ ಶಾಲೆ, ಪಾರ್ಕು ಏನೂ ಹತ್ತಿರ ಇಲ್ಲ. ಜಗಲಿ ಇರೋ ಮನೇನೇ ತಗೊಳ್ಳೋಣ," ಎಂದು ಬೇಡಿದ. ಓಡೆಟ್ ಒಪ್ಪಲಿಲ್ಲ. ತಿಂಗಳಿಗೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ, ಕೂತು ಉಣಿಸಿ ಬರುತ್ತಾಳೆ. ಹೆಸರಿಗಾಗಿ ಈಗಲೂ ಕಾಯುತ್ತಾಳೆ. ಅವನು ಈಗಲೂ ಹೇಳಿಲ್ಲ. ಅವನನ್ನು ಬಿಟ್ಟುಬಿಡಲು ಅವಳಿಂದ ಆಗಿಲ್ಲ, ಹತ್ತಿರ ತಂದುಕೊಳ್ಳಲೂ ಆಗಿಲ್ಲ.

ವರ್ಡಿ ಇನ್ನೂ ಮಾತಾಡುವುದಿಲ್ಲ. ಗಾಳಿಗೆ ಬಿದ್ದ ಬೇಲಿಯನ್ನು ಮತ್ತೆ ನಿಲ್ಲಿಸಿದಳು. ಓಡೆಟ್‌ಗೆ ಅದರ ಮೇಲೆ ಸಿಟ್ಟಿಲ್ಲ. ಸೀಗಡಿ ಸುಲಿಯುವ ಕಾಲ ಬಂದಾಗ ಮಾತ್ರ ಎದುರಿನ ಖಾಲಿ ಕುರ್ಚಿಯನ್ನು ನೋಡಿ ಕೈ ನಿಧಾನವಾಗುತ್ತದೆ.

ಮುಂದಿನ ವಸಂತದಲ್ಲಿ, ಕ್ರೈಸ್ತರು ಶುಕ್ರವಾರ ಮಾಂಸ ಮುಟ್ಟದ ಉಪವಾಸ ಕಾಲದಲ್ಲಿ, ಒಂದು ಶುಕ್ರವಾರ ಮಿಸ್ ಯೂಲಾಳ ಅಂಗಡಿಯಲ್ಲಿ ಮೀನಿನ ಊಟಕ್ಕೆ ಸಾಲು ನಿಂತಿತ್ತು. ಓಡೆಟ್ ತಲೆ ಎತ್ತಿದರೆ ಕೌಂಟರಿನಾಚೆ ಡೆಲ್ಫಿನ್.

"ಎರಡು ಊಟ. ಕಟ್ಟಿಕೊಡಿ."

ಓಡೆಟ್ ಕಟ್ಟತೊಡಗಿದಳು. ಒಂದರಲ್ಲಿ ಖಾರ ಕಡಿಮೆ ಹಾಕಲೇ ಎಂದು ಕೇಳಿದಳು, ಮಗುವಿಗಿರಬಹುದೆಂದು.

"ಹೂಂ, ಅದು ಅವಳಿಗೇ."

"ಮಗೂನ ಹೆಸರೇನು?"

ಊರೆಲ್ಲ ಬಲ್ಲ ಹೆಸರದು. ಓಡೆಟ್‌ಗೂ ಗೊತ್ತಿತ್ತು. ಡೆಲ್ಫಿನ್ ಒಂದು ಕ್ಷಣ ಅವಳನ್ನು ನೋಡಿದಳು. "ಕೋರಲಿ," ಎಂದಳು. ಪೊಟ್ಟಣ ತಗೊಂಡು ಬಾಗಿಲವರೆಗೂ ಹೋಗಿ ನಿಂತು, "ಮುಂದಿನ ಶುಕ್ರವಾರಾನೂ ಮೀನು ಮಾಡ್ತೀರಾ?" ಎಂದು ಕೇಳಿದಳು.

"ಮಾಡ್ತೀವಿ," ಎಂದಳು ಓಡೆಟ್.