ಬಾವುಟಕ್ಕೆ ಕುಂಕುಮ ಹಚ್ಚಲು ಹೊರಟ ಜಯಮ್ಮ

ಗೆಳೆಯರೇ, ಸ್ವಾತಂತ್ರ್ಯ ದಿನದ ಶುಭಾಶಯ. ಇವತ್ತು ಬೆಳಿಗ್ಗೆ ಬನಶಂಕರಿಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಬಾವುಟ ಏರುವ ಮೊದಲೇ ಜಗಳ ಶುರುವಾಯಿತು.

ಓನರ್ ಜಯಮ್ಮ ಹೊಸ ಬಾವುಟವನ್ನು ತಟ್ಟೆಯಲ್ಲಿಟ್ಟು, ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದ್ದರು. ಕೆಳಮನೆಯ ಮೂರ್ತಿ ಅಂಕಲ್ ಕೂಗಿಕೊಂಡರು.

"ಜಯಮ್ಮನೋರೆ, ಅದರ ಮೇಲೆ ಏನೂ ಹಚ್ಚೋ ಹಾಗಿಲ್ಲ ಕಣ್ರೀ!"

"ಗ್ಯಾಸ್ ಸ್ಟೌಗೆ ಹಚ್ತೀನಿ. ಆಯುಧ ಪೂಜೆ ದಿನ ನಿಮ್ಮ ಸ್ಕೂಟರ್‌ಗೂ ನಾನೇ ಹಚ್ಚಿದ್ದು. ಇದೇನು ಅದಕ್ಕಿಂತ ಕಡಿಮೇನಾ?"

"ಕಡಿಮೆ ಅಲ್ಲ, ಅದಕ್ಕೇ ಬೇಡ ಅಂದಿದ್ದು. ಕಲೆ ಆಗ್ಬಾರ್ದು, ನೆಲಕ್ಕೆ ತಾಗ್ಬಾರ್ದು, ಕೇಸರಿ ಮೇಲಿರ್ಬೇಕು."

"ಕಂಬಕ್ಕಾದ್ರೂ ಒಂದು ಹಾರ?"

"ಅದಕ್ಕೂ ಇಲ್ಲ."

ಜಯಮ್ಮನ ಮುಖ ಸಪ್ಪಗಾಯಿತು. "ಹೆಣ್ಮಗಳನ್ನ ಬೋಳು ಹಣೇಲಿ ಕಳ್ಸ್ದಂಗಾಗಲ್ವಾ?"

ಅಂಕಲ್ ಕರಗಿದರು. "ಮಡಚೋವಾಗ ಒಳಗೆ ಹೂವಿನ ಎಸಳು ಇಡ್ಬಹುದು."

ಜಯಮ್ಮನಿಗೆ ಅಷ್ಟು ಸಾಕಾಯಿತು. ಹಾರಕ್ಕೆಂದು ತಂದಿದ್ದ ಸೇವಂತಿಗೆಯನ್ನೆಲ್ಲ ಬಿಡಿಸಿ ಒಳಗೆ ತುಂಬಿದರು. ಅಂಕಲ್ ಹಗ್ಗ ಎಳೆದದ್ದೇ ತಡ, ಬಾವುಟ ಬಿಚ್ಚಿಕೊಂಡು ಅಷ್ಟೂ ಹೂವು ಅವರ ಬೋಳು ತಲೆಯ ಮೇಲೆ ಸುರಿಯಿತು. ಜಯಮ್ಮ ಕೈಮುಗಿದರು, ಅಂಕಲ್ ಸೆಲ್ಯೂಟ್ ಹೊಡೆದರು. ಆಗ ನೋಡಿದೆ, ಅಂಕಲ್ ಚಪ್ಪಲಿಯನ್ನು ಮೆಟ್ಟಿಲ ಹತ್ತಿರವೇ ಬಿಟ್ಟು ಬರಿಗಾಲಲ್ಲಿ ನಿಂತಿದ್ದಾರೆ!

"ಅಂಕಲ್, ಚಪ್ಪಲಿ ಬಿಡ್ಬೇಕು ಅಂತಾನೂ ರೂಲ್ಸಲ್ಲಿದ್ಯಾ?"

"ರಾಷ್ಟ್ರಗೀತೆ ಟೈಮಲ್ಲಿ ಮಾತಾಡ್ಬಾರ್ದು ಅಂತಿದೆ," ಎಂದರು.

ರಾಷ್ಟ್ರಗೀತೆ ಇನ್ನೂ ಶುರುವೇ ಆಗಿರಲಿಲ್ಲ.